ತಮ್ಮಯ್ಯ ಬಚ್ಚಿಟ್ಟ ರೀಲು

ಮಾದಿಹಳ್ಳಿಯ ತಮ್ಮಯ್ಯ ಕಂಡಷ್ಟು ಸಿನಿಮಾಗಳನ್ನು ನಮ್ಮ ಸೀಮೆಯಲ್ಲಿ ಬೇರೆ ಯಾರೂ ಕಂಡಿಲ್ಲ. ಒಂದನ್ನೂ ಅವನು ಪೂರ್ತಿ ನೋಡಿಲ್ಲ ಎನ್ನುವುದೂ ಅಷ್ಟೇ ನಿಜ. ಅವನ ಕೆಲಸವೇ ಅಂಥದ್ದು. ತೊಂಬತ್ತರ ದಶಕದಲ್ಲಿ ಬೇಲೂರಿನ ಟಾಕೀಸಿಗೂ ಹಳೇಬೀಡಿನ ಶೀಟು ಹೊದಿಸಿದ ಟಾಕೀಸಿಗೂ ಸೇರಿ ಒಂದೇ ಪ್ರಿಂಟು ಬರುತ್ತಿತ್ತು. ಬೇಲೂರಿನಲ್ಲಿ ಇಂಟರ್‌ವಲ್ ಆದ ಕೂಡಲೇ ಮೊದಲರ್ಧದ ರೀಲುಗಳನ್ನು ತಗಡಿನ ಡಬ್ಬಿಗಳಲ್ಲಿ ತುಂಬಿಕೊಂಡು, ಲೂನಾದ ಹಿಂದೆ ಹಗ್ಗ ಬಿಗಿದು ಹಳೇಬೀಡಿಗೆ ಮುಟ್ಟಿಸಿದರೆ ಇಲ್ಲಿ ಆಟ ಶುರು. ಮತ್ತೆ ಬೇಲೂರಿಗೆ ಓಟ, ಉಳಿದರ್ಧ ತರಬೇಕು. ಹೀಗೆ ಅವನ ಪಾಲಿಗೆ ಎಲ್ಲ ಸಿನಿಮಾಗಳೂ ತುಂಡು ತುಂಡು. ಮದುವೆ ನೋಡಿರುತ್ತಿದ್ದ, ಪ್ರೀತಿ ಯಾವಾಗ ಆಯಿತೋ ತಿಳಿಯದು. ಹೆಣ ನೋಡಿರುತ್ತಿದ್ದ, ಕೊಂದವನು ಯಾರೋ ಗೊತ್ತಿಲ್ಲ.

ಇದರಿಂದ ಅವನಿಗೆ ಒಂದು ಅಭ್ಯಾಸ ಬಿದ್ದಿತ್ತು. ಪರದೆ ನೋಡುವ ಬದಲು ಪಕ್ಕದ ಗೋಡೆಗೆ ಒರಗಿ ಜನರ ಮುಖ ನೋಡುತ್ತಿದ್ದ. ಎಲ್ಲಿ ಸಿಳ್ಳೆ ಬಿತ್ತು, ಎಲ್ಲಿ ಗಂಡಸರು ಬೀಡಿ ಹಚ್ಚಿಕೊಂಡರು, ಎಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು ಎಂದು ಹಳೇಬೀಡಿಗೆ ಬಂದು ಹೇಳುತ್ತಿದ್ದ. ಟಾಕೀಸಿನ ಮ್ಯಾನೇಜರ್ ಗಿಡ್ಡಯ್ಯನಿಗೆ ಪತ್ರಿಕೆಯವರ ವಿಮರ್ಶೆಗಿಂತ ಈ ಮಾತಿನ ಮೇಲೇ ಭರವಸೆ. ಪತ್ರಿಕೆಯವರು ಮೆಚ್ಚಿದ್ದು ನಮ್ಮಲ್ಲಿ ಮಕಾಡೆ ಮಲಗಿದ ಉದಾಹರಣೆಗಳು ಬೇಕಾದಷ್ಟಿದ್ದವು, ಬಿಡಿ.

ನಾನು ಆಗ ಮಾದಿಹಳ್ಳಿಯ ಹಾಲಿನ ಡೈರಿಯ ಸೆಕ್ರೆಟರಿ. ನನಗೆ ಸಿನಿಮಾ ಅಷ್ಟಕ್ಕಷ್ಟೇ, ಓದುವುದೆಂದರೆ ಪ್ರಾಣ. ‘ಏಳುಕೆರೆಯ ರಾಣಿ’ ಎಂಬ ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಹಾಲು ಅಳೆಯುವ ಮುಂಚೆ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಕೆರೆಯ ತಳದಲ್ಲಿ ಏಳು ಬಾಗಿಲ ಒಂದು ಊರು. ಅಲ್ಲಿಯ ನೀರಜನರು, ಅಂದರೆ ನೀರೊಳಗಿನ ಜನ, ದಡದಲ್ಲಿ ಆಡುತ್ತಿದ್ದ ರಾಣಿಯ ಮಗಳನ್ನು ಎಳೆದುಕೊಂಡು ಹೋಗುತ್ತಾರೆ. ತಾಯಿ ಒಂದೊಂದೇ ಬಾಗಿಲು ದಾಟಿ ಮಗಳನ್ನು ಕರೆತರುತ್ತಾಳೆ. ಕಥೆ ಇಷ್ಟೇ. ಆದರೆ ಬರೆದವರ ಕೈಯಲ್ಲಿ ಅದೇನೋ ಇತ್ತು. ನಾನು ಓದುವುದು ನಿಲ್ಲಿಸಿದರೆ ಹಾಲು ಹುಳಿಯಾದರೂ ಪರವಾಗಿಲ್ಲ ಎಂದು ಸಾಲು ಕದಲುತ್ತಿರಲಿಲ್ಲ.

ಅದನ್ನು ಎರಡು ಭಾಗದ ಸಿನಿಮಾ ಮಾಡಿದರು. ಮೊದಲ ಭಾಗ ಮಗಳು ನೀರಿನಲ್ಲಿ ಮಾಯವಾಗಿ, ತಾಯಿ ದಡದಲ್ಲಿ ನಿಂತಲ್ಲಿಗೆ ಮುಗಿದಿತ್ತು. ತಮ್ಮಯ್ಯನ ಹೆಂಡತಿ ಅಣ್ಣಮ್ಮ ಅದನ್ನು ಮಗಳು ಲಾವಣ್ಯಳ ಜೊತೆ ಹೋಗಿ ನೋಡಿಬಂದಳು. ಆ ಹುಡುಗಿ ವಾರವೆಲ್ಲ ನಮ್ಮ ಡೈರಿಯ ತೊಟ್ಟಿಯಲ್ಲಿ ಕೈ ಅದ್ದಿ ನೀರಜನರನ್ನು ಕೂಗುತ್ತಿತ್ತು. ನಾನು ಗದರುತ್ತಿದ್ದೆ.

ಮಾರನೇ ವರ್ಷ ಲಾವಣ್ಯಳಿಗೆ ಮೆದುಳು ಜ್ವರ ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದರು. ಬರುವಾಗ ಹೆಣವಾಗಿ ಬಂತು.

ಅಣ್ಣಮ್ಮ ಅಳಲಿಲ್ಲ. ಮಣ್ಣು ಮಾಡಿ ಬಂದವರೆಲ್ಲ ಕೈಕಾಲು ತೊಳೆದು ಒಳಗೆ ಹೋದರೆ, ಇವಳು ಹೊಸ್ತಿಲವರೆಗೆ ಬಂದು ನಿಂತಳು, ತಿರುಗಿ ಪಕ್ಕದ ಬೋರಮ್ಮನ ಮನೆಯ ಜಗಲಿಗೆ ಹೋಗಿ ಕೂತಳು. ಬೋರಮ್ಮ ತಮ್ಮಯ್ಯನ ಅಕ್ಕ. ಇವತ್ತೊಂದು ದಿನ ಇರಲಿ ಎಂದು ಅವಳು ಮುದ್ದೆ ಹಾಕಿದಳು. ಆ ಒಂದು ದಿನ ಮುಗಿಯಲೇ ಇಲ್ಲ. ಊಟ, ನಿದ್ದೆ ಎಲ್ಲ ಬೋರಮ್ಮನ ಮನೆಯಲ್ಲಿ. ಹಸುವಿಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಬರುತ್ತಿದ್ದಳು, ಹಾಲು ಕರೆದು ಡೈರಿಗೆ ತರುತ್ತಿದ್ದಳು, ತನ್ನ ಮನೆಯ ಬಾಗಿಲು ಮಾತ್ರ ದಾಟುತ್ತಿರಲಿಲ್ಲ. ಹಿರಿಯರು ಬುದ್ಧಿ ಹೇಳಿದರು. ದೇವರ ಮುಂದೆ ಕೂರಿಸಿ ಕೇಳಿಸಿದರು. ಅವಳು ಎಲ್ಲದಕ್ಕೂ ‘ಹೂಂ’ ಅನ್ನುತ್ತಿದ್ದಳು. ತಮ್ಮಯ್ಯ ಒಬ್ಬನೇ ಆ ಮನೆಯಲ್ಲಿ ಅನ್ನ ಬೇಯಿಸಿಕೊಂಡು, ಪಾತ್ರೆ ತೊಳೆದುಕೊಂಡು ಇದ್ದ. ಅವನೂ ಅತ್ತಿದ್ದನ್ನು ನಾನು ಕಾಣೆ. ಎರಡೂ ಜೀವ ಮರಗಟ್ಟಿ ಹೋಗಿದ್ದವು.

ಒಂದೇ ಒಂದು ವಿಷಯ ಅಣ್ಣಮ್ಮ ತಾನಾಗಿ ಕೇಳುತ್ತಿದ್ದಳು, ಅದೂ ಆಗೊಮ್ಮೆ ಈಗೊಮ್ಮೆ, ಹಾಲು ಸುರಿಯುತ್ತಾ. ಆ ಸಿನಿಮಾದ ಎರಡನೇ ಭಾಗ ಯಾವಾಗ ಬರುತ್ತದೆ, ಆ ಮಗು ವಾಪಸು ಬರುವುದು ನಿಜವಾ ಎಂದು. ಬರುತ್ತದೆ ಕಣಮ್ಮ, ಕಾದಂಬರಿಯಲ್ಲಿ ಹಾಗೇ ಇದೆ ಎಂದು ನಾನು ಹೇಳುತ್ತಿದ್ದೆ. ತಮ್ಮಯ್ಯನಿಗೆ ಇದು ಗೊತ್ತಿತ್ತು. ಆ ಮಗು ನೀರಿನಿಂದ ಎದ್ದು ಬಂದರೆ ಇವಳೂ ಮನೆಗೆ ಬಂದಾಳು ಎಂದು ಅವನು ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದ್ದ. ಹುಲ್ಲುಕಡ್ಡಿ ಹಿಡಿದು ಹೊಳೆ ದಾಟುವ ಆಸೆ ಅದು. ಆದರೆ ಅವನ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಕೊನೆಗೂ ಎರಡನೇ ಭಾಗ ಬಂತು. ಶುಕ್ರವಾರ ಬೇಲೂರಿನಲ್ಲಿ ಬೆಳಗಿನ ಆಟ, ಹಳೇಬೀಡಿನಲ್ಲಿ ಮಧ್ಯಾಹ್ನದ್ದು. ಅಣ್ಣಮ್ಮ ಬರುತ್ತೇನೆಂದಳು. ನಾನೂ ಡೈರಿಗೆ ಬೀಗ ಹಾಕಿ ಹೊರಟೆ.

ಅತ್ತ ಬೇಲೂರಿನಲ್ಲಿ, ಮೊದಲರ್ಧ ನಮಗೆ ಮುಟ್ಟಿಸಿ ಮರಳಿದ ತಮ್ಮಯ್ಯ ಗೋಡೆಗೆ ಒರಗಿ ನಿಂತಿದ್ದ. ಆರು ಬಾಗಿಲವರೆಗೂ ಜನ ಸಿಳ್ಳೆಯ ಮೇಲೆ ಸಿಳ್ಳೆ ಹಾಕಿದರಂತೆ. ಮೀನಿನ ಕಣ್ಣಿನ ಕಾವಲುಗಾರರು ಬಂದಾಗ ಮಕ್ಕಳು ಅಮ್ಮಂದಿರ ಮಡಿಲಿಗೆ ನುಗ್ಗಿದವಂತೆ. ಏಳನೆಯದರಲ್ಲಿ ಡೈರೆಕ್ಟರ್ ಮಹಾಶಯ ಕಥೆಯನ್ನೇ ತಿರುಗಿಸಿಬಿಟ್ಟಿದ್ದ. ಮಗು ಆಚೆ ಕಡೆ ನಿಂತು ತಾಯಿಯನ್ನು ನೋಡುತ್ತದೆ, ಬರುವುದಿಲ್ಲ. ಬಾಗಿಲು ಮುಚ್ಚಿಕೊಳ್ಳುತ್ತದೆ. ತಾಯಿ ಬರಿಗೈಯಲ್ಲಿ ಮೇಲೆ ಬರುತ್ತಾಳೆ. ಆಗ ತಮ್ಮಯ್ಯ ಕಂಡ ಮುಖಗಳನ್ನು ಅವನು ಮುಂದೆ ಎಷ್ಟೋ ಸಲ ವರ್ಣಿಸಿದ್ದಾನೆ. ಕೆಲವರು ಚಪ್ಪಲಿ ತೂರಿದರು. ಕಾದಂಬರಿ ಓದಿದವರು ಇದು ಮೋಸ ಎಂದು ಮ್ಯಾನೇಜರನ್ನು ಹುಡುಕಿಕೊಂಡು ಹೋದರು. ಓದದವರು, ಆ ನೀರಜನರಲ್ಲಿ ಒಬ್ಬನನ್ನೂ ಕೊಲ್ಲದೆ ಸಿನಿಮಾ ಮುಗಿಸಿದನಲ್ಲ ಎಂದು ಬೈದರು. ಒಬ್ಬ ಮುದುಕಿ ಮಾತ್ರ ಯಾರನ್ನೂ ನೋಡದೆ ಸೆರಗು ಕೊಡವಿಕೊಂಡು ಎದ್ದು ಹೋದಳು.

ಇಲ್ಲಿ ನಮ್ಮ ಕಡೆಯವರ ಒಂದು ಗುಣ ಹೇಳಬೇಕು. ಯಾರೂ ಸಿನಿಮಾವನ್ನು ಕೊನೆಯವರೆಗೆ ನೋಡುವುದಿಲ್ಲ. ಇನ್ನೇನು ಮುಗಿಯಿತು ಎಂದು ವಾಸನೆ ಹತ್ತಿದರೆ ಸಾಕು, ಬಸ್ಸು ತಪ್ಪುತ್ತದೆಂದು ಎಲ್ಲರೂ ಒಟ್ಟಿಗೆ ಎದ್ದುಬಿಡುತ್ತಾರೆ. ಬಾಗಿಲವನೂ ಅದೇ ಹೊತ್ತಿಗೆ ಕಪ್ಪು ಪರದೆ ಸರಿಸಿ ಬಾಗಿಲು ತೆಗೆಯುತ್ತಾನೆ. ಬಿಸಿಲು ಒಳಗೆ ನುಗ್ಗಿ ಬೆಳ್ಳಿಪರದೆ ಸುಣ್ಣದ ಗೋಡೆಯಾಗುತ್ತದೆ. ಆಮೇಲೆ ಅಲ್ಲಿ ಏನು ಓಡುತ್ತದೋ ದೇವರೇ ಬಲ್ಲ. ತಮ್ಮಯ್ಯನಂತೂ ಆ ಹೊತ್ತಿಗೆ ಲೂನಾದ ಹತ್ತಿರ ಹಗ್ಗ ಹಿಡಿದು ನಿಂತಿರುತ್ತಿದ್ದ.

ಅವತ್ತು ಅವನು ಉಳಿದರ್ಧ ಹೊತ್ತು ಹಳೇಬೀಡಿಗೆ ಬಂದ. ಆಪರೇಟರ್ ಕರಿಯಪ್ಪನಿಗೆ ಡಬ್ಬಿಗಳನ್ನು ಕೊಟ್ಟ. ಕೊನೆಯದೊಂದನ್ನು ಕೊಡಲಿಲ್ಲ. ಸೈಕಲ್ ಸ್ಟ್ಯಾಂಡಿನಲ್ಲಿದ್ದ ಹಳೇ ಗೋಣಿಚೀಲಗಳ ಕೆಳಗೆ ತಳ್ಳಿ, ಅದು ಬೇಲೂರಿನಲ್ಲೇ ಉಳಿಯಿತು ಎಂದ. ಅಷ್ಟು ವರ್ಷದಲ್ಲಿ ಒಂದು ಡಬ್ಬಿಯನ್ನೂ ಮರೆತವನಲ್ಲ, ಹಾಗಾಗಿ ಕರಿಯಪ್ಪ ನಂಬಿದ.

ಒಳಗೆ ನಾವು ಆರನೇ ಬಾಗಿಲು ದಾಟಿದೆವು. ಪರದೆ ಬೆಳ್ಳಗಾಯಿತು. ರೀಲು ಬಂದಿಲ್ಲ ಎಂದು ಗಿಡ್ಡಯ್ಯ ಮುಂದೆ ಬಂದು ಕೈಮುಗಿದ. ಬೇಲೂರಿನಲ್ಲಿ ಆದದ್ದೆಲ್ಲ ಇಲ್ಲೂ ಆಯಿತು, ಕಾರಣ ಮಾತ್ರ ಬೇರೆ. ಬೆಂಚು ಬಡಿದರು, ಗಿಡ್ಡಯ್ಯನ ವಂಶವನ್ನೆಲ್ಲ ಜಾಲಾಡಿದರು. ನಾನೂ ಎದ್ದು ಕೂಗಾಡಿದೆ, ಸುಳ್ಳೇಕೆ. ಅಣ್ಣಮ್ಮ ಗದ್ದಲದ ನಡುವೆ ಎದ್ದು ಹೊರಗೆ ಹೋದಳು. ಬೋರಮ್ಮ ಜೊತೆಗೆ ಬಂದಿರಲಿಲ್ಲವಾದ್ದರಿಂದ ನಾನು ಹಿಂದೆ ಹೋದೆ.

ಸೈಕಲ್ ಸ್ಟ್ಯಾಂಡಿನಲ್ಲಿ ತಮ್ಮಯ್ಯ ಗೋಣಿಚೀಲದ ಮೇಲೆ ಕೂತಿದ್ದ. ಅವನ ಮುಖ ನೋಡಿದರೇ ತಿಳಿಯುವಂತಿತ್ತು.

“ರೀಲು ಎಲ್ಲೈತೆ?” ಎಂದಳು ಅಣ್ಣಮ್ಮ.

ಅವನು ತಲೆ ಎತ್ತಲಿಲ್ಲ. “ಬ್ಯಾಡ ಕಣೇ. ಆ ಕೂಸು ಬರಾಕಿಲ್ಲ. ಸೆಕ್ರೆಟ್ರಿ ಹೇಳಿದ್ದು ಪುಸ್ತಕದ್ದು. ಇವ್ರು ಬದಲಾಯಿಸವ್ರೆ. ನೀನು ನೋಡ್ಬ್ಯಾಡ.”

“ಗೊತ್ತು ಕಣಯ್ಯಾ. ಬೇಲೂರಿಂದ ಬಸ್ಸಲ್ಲಿ ಬಂದೋರು ಇಂಟ್ರವಲ್ಲಲ್ಲಿ ಗೇಟಿನ ತಾವೇ ಹೇಳ್ಕೊಂಡು ನಗಾಡ್ತಿದ್ರು.”

“ಗೊತ್ತಿದ್ದೂ ತಿರ್ಗ ಒಳಿಕ್ಕೆ ಯಾಕ್ ಹೋದೆ?”

ಅಣ್ಣಮ್ಮ ಹಾಲಿನ ಲೆಕ್ಕ ಕೇಳುವ ದನಿಯಲ್ಲೇ ಹೇಳಿದಳು: “ಆ ಅವ್ವ ಆಮ್ಯಾಕೆ ಮನೆ ಒಳಿಕ್ಕೆ ಹೆಂಗೆ ಹೋದ್ಲು ಅಂತ ನೋಡಾಣ ಅಂತ.”

ಮಗು ಬರುತ್ತದೆ, ಬರುತ್ತದೆ ಎಂದು ಇಷ್ಟು ದಿನ ನಾನು ಯಾರಿಗೆ ಏನು ಹೇಳುತ್ತಿದ್ದೆ? ತಮ್ಮಯ್ಯ ಎದ್ದ. ಗೋಣಿಚೀಲ ಸರಿಸಿ ಡಬ್ಬಿ ತೆಗೆದ. ಇಲ್ಲೇ ಇತ್ತು ನೋಡು ಎಂದು ಕರಿಯಪ್ಪನ ಕೈಗಿತ್ತು, ಅವನು ಬೈದದ್ದನ್ನೆಲ್ಲ ಬೈಸಿಕೊಂಡ.

ಕೊನೆಯ ರೀಲು ಓಡಿತು. ಏಳನೇ ಬಾಗಿಲು ಮುಚ್ಚಿತು. ಮಗು ಬರಲಿಲ್ಲ ಎಂದು ಗೊತ್ತಾದದ್ದೇ ತಡ, ಜನ ಬೈಯುತ್ತಾ ದಡಬಡ ಎದ್ದರು. ಬಾಗಿಲವನು ಕಪ್ಪು ಪರದೆಗೆ ಕೈ ಹಾಕಿದ. ಅಷ್ಟರಲ್ಲಿ ತಮ್ಮಯ್ಯ ಓಡಿಬಂದು ಅವನನ್ನು ಪಕ್ಕಕ್ಕೆ ತಳ್ಳಿ, ಬಾಗಿಲು ಎಳೆದು ಚಿಲಕ ಹಾಕಿ, ಕಪ್ಪು ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಮುಖಮಾಡಿ ನಿಂತ. ಜನ ಅವನ ಬೆನ್ನಿಗೆ ಗುದ್ದಿದರು, ಬಸ್ಸು ಹೋಗುತ್ತದೆ ಬಿಡಲಾ ಎಂದು ಅಂಗಿ ಹಿಡಿದು ಜಗ್ಗಿದರು. ಅವನು ಅಲುಗಲಿಲ್ಲ. “ಇನ್ನೂ ಮುಗಿದಿಲ್ಲ,” ಎಂದಷ್ಟೇ ಹೇಳುತ್ತಿದ್ದ. ಮುಗಿದಿಲ್ಲ ಎನ್ನುವುದು ಅವನಿಗೆ ಹೇಗೆ ಗೊತ್ತು? ಗೊತ್ತಿರಲಿಲ್ಲ.

ಹೀಗೆ ಒಳಗೆ ಸಿಕ್ಕಿಕೊಂಡ ನಾವೆಲ್ಲ ವಿಧಿಯಿಲ್ಲದೆ ತಿರುಗಿ ನೋಡಿದೆವು. ರಾಣಿ ಕೆರೆಯಿಂದ ನಡೆದು ಬಂದಳು. ಅರಮನೆಯ ಬಾಗಿಲಲ್ಲಿ ನಿಂತಳು. ಪಕ್ಕದಲ್ಲಿ ಯಾರೂ ಇಲ್ಲ, ಹಾಡೂ ಇಲ್ಲ. ಬಹಳ ಹೊತ್ತು ನಿಂತಿದ್ದು, ಒದ್ದೆ ಸೀರೆಯಲ್ಲೇ ಒಂದು ಕಾಲು ಒಳಗಿಟ್ಟಳು, ಇನ್ನೊಂದು ಕಾಲನ್ನೂ ಇಟ್ಟಳು. ಶುಭಂ ಎಂದು ಬಂತು. ಇಷ್ಟಕ್ಕೆ ಹಿಡಿದು ನಿಲ್ಲಿಸಿದನಾ ಎಂದು ಯಾರೋ ಗೊಣಗಿದರು. ನನಗೂ ದೊಡ್ಡ ವಿಷಯ ಎನಿಸಲಿಲ್ಲ, ನಿಜ ಹೇಳಬೇಕೆಂದರೆ.

ಎಲ್ಲರೂ ಹೋದ ಮೇಲೆ ಅಣ್ಣಮ್ಮ ಎದ್ದು ಬಂದಳು. ಕಣ್ಣು ಒಣಗಿಯೇ ಇದ್ದವು. ತಮ್ಮಯ್ಯನ ಅಂಗಿಯ ತೋಳು ಹರಿದಿತ್ತು. ಬೆಳ್ಳಿಪರದೆಗೆ ಬೆನ್ನು ಮಾಡಿ ನಿಂತಿದ್ದವನು ಏನನ್ನೂ ಕಂಡಿರಲಿಲ್ಲ. ಆ ಅವ್ವ ಏನು ಮಾಡಿದಳು ಎಂದು ಕೇಳಿದ.

“ಸುಮ್ಕೆ ಕಾಲಿಟ್ಲು ಕಣಯ್ಯಾ,” ಎಂದಳು. “ಇನ್ನೇನಿಲ್ಲ.”

ಡಬ್ಬಿಗಳನ್ನು ಸಂಜೆಯ ಆಟಕ್ಕೆ ಬೇಲೂರಿಗೆ ಮುಟ್ಟಿಸಬೇಕಿತ್ತು. ತಮ್ಮಯ್ಯ ಆ ಕೆಲಸವನ್ನು ಕರಿಯಪ್ಪನಿಗೆ ಒಪ್ಪಿಸಿ, ಹೆಂಡತಿಯನ್ನು ಲೂನಾದ ಹಿಂದೆ ಕೂರಿಸಿಕೊಂಡು ಊರಿಗೆ ಹೊರಟ. ಬೋರಮ್ಮ ಅವತ್ತು ಕತ್ತಲಾಗುವವರೆಗೆ ಅಣ್ಣಮ್ಮನ ಪಾಲಿನ ಮುದ್ದೆಯನ್ನು ತಟ್ಟೆಯಲ್ಲಿ ಮುಚ್ಚಿಟ್ಟುಕೊಂಡು ಜಗಲಿಯ ಮೇಲೆ ಕಾದಳಂತೆ. ಅವಳು ಉಣ್ಣಲು ಬರಲಿಲ್ಲ.