ಗೇರುಬೀಜದ ಕಲೆ

ಹಿಂದಿನ ಲೋಕಸಭಾ ಚುನಾವಣೆಯಲ್ಲಿ ಅಮ್ಮನಿಗೆ ಮತ ಹಾಕಲು ಆಗಿರಲಿಲ್ಲ. ನಾವು ಕಾರ್ಕಳದಿಂದ ಕಾಪುವಿನ ಹತ್ತಿರದ ಈ ಮನೆಗೆ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ಅವಳ ಹೆಸರು ಅಲ್ಲಿಯ ಪಟ್ಟಿಯಲ್ಲೇ ಉಳಿದಿತ್ತು. ಇಲ್ಲಿಯ ಶಾಲೆಯಲ್ಲಿ ಸಾಲು ನಿಂತು, ಹೆಸರಿಲ್ಲವೆಂದು ಹೇಳಿಸಿಕೊಂಡು ವಾಪಸು ಬಂದಳು. ಭಾನುವಾರ ಇಗರ್ಜಿಯ ಪ್ರಾರ್ಥನೆಗೆ ಉಡುವ ಸೀರೆಯನ್ನು ಬಿಚ್ಚಿ, ಮಡಚಿ, ಕಪಾಟಿನೊಳಗಿಟ್ಟಳು.

ಈ ಸಲ ಹಾಗಾಗಬಾರದೆಂದು ನಾನು ಮಣಿಪಾಲದಲ್ಲಿದ್ದುಕೊಂಡೇ ಅವಳ ಹೆಸರು ವರ್ಗಾಯಿಸಲು ಅರ್ಜಿ ಹಾಕಿದೆ. ಪಟ್ಟಿಯಲ್ಲಿ ಹೆಸರು ಕಾಣಿಸುವವರೆಗೂ ಬಿಡಲಿಲ್ಲ. ಅಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ ಅವಳು ಕೇಳಿದ್ದು ಒಂದೇ: ಕಾರ್ಕಳದಲ್ಲಿ ತೆಗೆದರೋ? ತೆಗೆದಿದ್ದಾರೆ ಎಂದೆ. ಹಾಗಾದರೆ ಆಯಿತು ಎಂದಳು.

ಯಾರು ಗೆಲ್ಲುತ್ತಾರೆಂದು ಹೇಳುವ ಧೈರ್ಯ ಆ ಸಲ ಯಾರಿಗೂ ಇರಲಿಲ್ಲ. ಮತದಾನಕ್ಕೆಂದು ಮನೆಗೆ ಬರುವಾಗ ಉಡುಪಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲಿ ಕೂತವರೆಲ್ಲ ನಮ್ಮ ಕ್ಷೇತ್ರಕ್ಕೇ ಸೇರಿದ ಘಟ್ಟದ ಮೇಲಿನ ಊರುಗಳ ಮತ ಎತ್ತ ಬೀಳುತ್ತದೆಂದು ಕೂಡಿಸಿ ಕಳೆಯುತ್ತಿದ್ದರು. ನಮ್ಮ ಊರಿನಲ್ಲಿ ಕಾರ್ಯಕರ್ತರು ಮನೆ ಮನೆಯನ್ನೂ ವಿಂಗಡಿಸಿದ್ದರು: ನಮ್ಮದು, ಅವರದ್ದು, ಹೇಳಲಿಕ್ಕಾಗದ್ದು. ಪಕ್ಕದ ಮನೆಯ ಅಕ್ಕನ ಮಗ ಒಂದು ಪಕ್ಷದ ಬೂತ್ ಏಜೆಂಟ್. ಅಪ್ಪ ಇನ್ನೊಂದು ಪಕ್ಷದವರ ಜೊತೆ ಓಡಾಡುತ್ತಿದ್ದುದರಿಂದ ನಮ್ಮ ಮನೆ ಅವನ ಪಾಲಿಗೆ ಪೂರ್ತಿ ‘ಅವರದ್ದು’.

ಮತದಾನದ ಹಿಂದಿನ ಸಂಜೆ ಅಮ್ಮ ಮತ್ತು ಆ ಅಕ್ಕ ಅವರ ಅಂಗಳದಲ್ಲಿ ಗೇರುಬೀಜ ಸುಟ್ಟರು. ಅಕ್ಕ ಮೀನು ಮಾರುವವರು; ಬೇಸಗೆಯಲ್ಲಿ ಇಬ್ಬರೂ ಒಟ್ಟಿಗೆ ಬೀಜ ಹೆಕ್ಕಿ, ಒಟ್ಟಿಗೆ ಸುಟ್ಟು, ಒಡೆದು, ಹಂಚಿಕೊಳ್ಳುವುದು ರೂಢಿ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಬೀಜವನ್ನು ಕಲ್ಲಿನ ಮೇಲೆ ಹಿಡಿದು, ಬಲಗೈಯಿಂದ ಕುಟ್ಟಬೇಕು. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಅದಕ್ಕೇ ಮೊದಲು ಬೆರಳಿಗೆ ಬೂದಿ ಉಜ್ಜಿಕೊಳ್ಳುತ್ತಾರೆ. ಅವತ್ತು ಮಳೆ ಬರುವ ಹಾಗಿತ್ತು, ಇಬ್ಬರೂ ಅವಸರದಲ್ಲಿ ಬೂದಿ ಮರೆತರು. ಏಜೆಂಟ್ ಮೆಟ್ಟಿಲ ಮೇಲೆ ಕೂತು ಬಿಸಿ ಬೀಜ ತಿನ್ನುತ್ತಾ ಅಮ್ಮನನ್ನು ತಮಾಷೆ ಮಾಡುತ್ತಿದ್ದ.

ಮರುದಿನ ಅಮ್ಮನ ಎಡಗೈಯ ಎರಡು ಬೆರಳುಗಳು ಉಗುರಿನ ಸುತ್ತಲೂ ಬುಡದವರೆಗೆ ಕಪ್ಪಾಗಿದ್ದವು. ನಾನು ನೋಡಿದೆ. ಪ್ರತಿ ಬೇಸಗೆಯಲ್ಲೂ ನೋಡುವ ಬೆರಳುಗಳಾದ್ದರಿಂದ ಏನೂ ಅನ್ನಿಸಲಿಲ್ಲ.

ಅಪ್ಪ ಬೆಳಿಗ್ಗೆಯೇ ಮತ ಹಾಕಿ ಬಂದಿದ್ದರು. ಅಮ್ಮ ಇಗರ್ಜಿಯ ಅದೇ ಸೀರೆ ಉಟ್ಟಳು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಸಾಲಿನಲ್ಲಿ ಅವಳು ಮುಂದೆ, ನಾನು ಹಿಂದೆ. ಮೊದಲ ಮೇಜಿನಲ್ಲಿ ಅವಳ ಹೆಸರು ಗಟ್ಟಿಯಾಗಿ ಓದಿದರು. ಎರಡನೆಯ ಮೇಜಿನಲ್ಲಿ ಶಾಯಿ ಹಚ್ಚುವ ಹುಡುಗಿ ಅಮ್ಮನ ತೋರುಬೆರಳು ಹಿಡಿದವಳು ಹಾಗೇ ನಿಂತುಬಿಟ್ಟಳು. ಮತಗಟ್ಟೆ ಅಧಿಕಾರಿ ಎದ್ದು ಬಂದರು. ಇಬ್ಬರೂ ಘಟ್ಟದ ಮೇಲಿನಿಂದ ಬಂದವರೆಂದು ಮಾತಿನಲ್ಲೇ ಗೊತ್ತಾಗುತ್ತಿತ್ತು.

“ಗೇರುಬೀಜ ಒಡೆದದ್ದು ಸರ್. ಅದರ ಎಣ್ಣೆ,” ಎಂದಳು ಅಮ್ಮ, ಕನ್ನಡದಲ್ಲಿ, ಒಂದೊಂದೇ ಶಬ್ದ ಇಡುತ್ತಾ.

ಅಧಿಕಾರಿ ಏಜೆಂಟರ ಬೆಂಚಿನ ಕಡೆ ನೋಡಿದರು. ಅಪ್ಪನ ಪಕ್ಷದವನು ಊಟಕ್ಕೆ ಹೋಗಿದ್ದ. ಪಕ್ಕದ ಮನೆಯವನು ಮಾತ್ರ ಇದ್ದ.

“ಇವರು ಕಾರ್ಕಳದವರು ಸರ್,” ಎಂದ ಅವನು. “ಅಲ್ಲಿಯೂ ಹೆಸರು ಇರಬಹುದು.”

ಅವನು ಸುಳ್ಳು ಹೇಳಲಿಲ್ಲ. ಗೇರುಬೀಜದ ವಿಷಯ ಹೇಳಲಿಲ್ಲ, ಅಷ್ಟೆ.

ಕಾರ್ಕಳದ ಹೆಸರು ತೆಗೆಸಿದ್ದು ನಾನೇ ಎಂದು ನಾನು ವಿವರಿಸಿದೆ. ಕಲೆ ಹೆಬ್ಬೆರಳಿಗೂ ಇದೆ, ಹೆಬ್ಬೆರಳಿಗೆ ಯಾರೂ ಶಾಯಿ ಹಚ್ಚುವುದಿಲ್ಲ ಎಂದೆ. ಅಧಿಕಾರಿ ಒರಟಾಗಿರಲಿಲ್ಲ, ಹೆದರಿದ್ದರು. ಬೆರಳಿಗೆ ಗುರುತಿದ್ದರೆ ಬಿಡುವ ಹಾಗಿಲ್ಲ, ಮೇಲಿನವರನ್ನು ಕೇಳಬೇಕು, ಸದ್ಯ ಮನೆಗೆ ಹೋಗಿ ಆಮೇಲೆ ಬನ್ನಿ ಎಂದರು. ಮನೆಗೆ ಹೋದರೆ ಈ ಸಲವೂ ಮತ ಹೋದಂತೆಯೇ ಎಂದು ನಮಗಿಬ್ಬರಿಗೂ ಗೊತ್ತಿತ್ತು.

“ನಾನು ಹೋಗುದಿಲ್ಲ,” ಎಂದಳು ಅಮ್ಮ.

ಅವಳು ಜಗಲಿಗೆ ಬಂದು ಮಕ್ಕಳ ಬೆಂಚಿನ ಮೇಲೆ ಕೂತಳು. ಒಳಗಿನಿಂದ ನನ್ನ ಹೆಸರು ಕರೆದರು. ಅಮ್ಮನದಾದ ಮೇಲೆ ನನ್ನದು ಎಂದು ಹೇಳಿ ನಾನೂ ಹೋಗಿ ಪಕ್ಕದಲ್ಲಿ ಕೂತೆ. ನಮ್ಮ ಮೊಣಕಾಲುಗಳು ಎದೆಯ ತನಕ ಬರುತ್ತಿದ್ದವು. ಸಾಲಿನವರು ನಮ್ಮನ್ನು ದಾಟಿ ಒಳಗೆ ಹೋಗುತ್ತಿದ್ದರು, ಕೆಲವರು ಕಣ್ಣು ತಪ್ಪಿಸುತ್ತಿದ್ದರು. ಯಾರಾದರೂ ನೋಡುತ್ತಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅವತ್ತು ಕೂತೆ. ಬಾಗಿಲು ಮುಚ್ಚುವವರೆಗೂ ಕೂರುವುದೆಂದು ನಿರ್ಧರಿಸಿದ್ದೆ.

ಮೀನು ಮಾರಿ ಮುಗಿಸಿ, ಸ್ನಾನ ಮಾಡಿ, ತಲೆಗೆ ಶಂಕರಪುರ ಮಲ್ಲಿಗೆ ಮುಡಿದುಕೊಂಡು ಪಕ್ಕದ ಮನೆಯ ಅಕ್ಕ ಬಂದರು. ನಮ್ಮನ್ನು ಕಂಡು ಅಲ್ಲೇ ನಿಂತರು.

“ಎಂತ ಬಾಯಮ್ಮ, ಒಂದನೇ ಕ್ಲಾಸಿಗೆ ಸೇರಿದ್ದಾ?”

ಬಾಯಮ್ಮ ಎಂದರೆ ಇಲ್ಲಿಯವರು ಕ್ರೈಸ್ತ ಹೆಂಗಸರನ್ನು ಕರೆಯುವ ಹೆಸರು. ಅಮ್ಮ ಎಡಗೈ ಮುಂದೆ ಹಿಡಿದಳು. ಅಕ್ಕ ಅದನ್ನು ನೋಡಿದರು, ತಮ್ಮದನ್ನು ನೋಡಿಕೊಂಡರು. ಅವರ ಬೆರಳು ಅಮ್ಮನದಕ್ಕಿಂತ ಕಪ್ಪಾಗಿತ್ತು. ಒಳಗೆ ಕೂತಿರುವುದು ಯಾರು ಎಂದು ಕೇಳಲೂ ಇಲ್ಲ. ನೆಟ್ಟಗೆ ಸಾಲಿಗೆ ಹೋದರು.

ಅವರ ಸರದಿ ಬಂದಾಗ ನಾನು ಎದ್ದು ಬಾಗಿಲ ಬಳಿ ನಿಂತೆ. ಶಾಯಿಯ ಹುಡುಗಿ ಅವರ ಬೆರಳನ್ನೂ ಹಿಡಿದು ನಿಂತಳು. ಇವರದ್ದೂ ಹಾಗೇ ಇದೆ ಸರ್ ಎಂದಳು. ಅಧಿಕಾರಿ ಮತ್ತೆ ಏಜೆಂಟನ ಕಡೆ ತಿರುಗಿದರು. ಅವನು ಕೈಯಲ್ಲಿದ್ದ ಹಾಳೆಯನ್ನು ನೋಡುತ್ತಿದ್ದ.

ಅಕ್ಕ ತುಳುವಿನಲ್ಲಿ, ಸಣ್ಣ ಸ್ವರದಲ್ಲಿ ಹೇಳಿದರು: “ಹೇಳು. ನಿನ್ನೆ ತಿಂದದ್ದು ಇದೇ ಬಾಯಿ ಅಲ್ವಾ?”

“ಗೇರುಬೀಜದ ಕಲೆ ಸರ್,” ಎಂದ ಅವನು. “ಇವರು ನನ್ನ ಅಮ್ಮ.”

“ಹೊರಗೆ ಕೂತವರದ್ದು?”

“ಅವರದ್ದೂ ಅದೇ. ಒಟ್ಟಿಗೆ ಒಡೆದದ್ದು.”

ಅಧಿಕಾರಿ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆಮೇಲೆ ಅಮ್ಮನನ್ನು ಕರೆಯಲು ಹೇಳಿದರು. ಅಕ್ಕ ಮೇಜಿನಿಂದ ಪಕ್ಕಕ್ಕೆ ಸರಿದು, ಮೊದಲು ಬಾಯಮ್ಮನದ್ದು ಆಗಲಿ ಎಂದರು. ಹುಡುಗಿ ಈ ಸಲ ಉಗುರಿನ ನಡುವೆ, ಕಲೆ ಇಲ್ಲದಲ್ಲಿ, ದಪ್ಪಗೆ ಗೆರೆ ಎಳೆದಳು. ಅಮ್ಮ ರಟ್ಟಿನ ಮರೆಗೆ ಹೋದಳು. ಯಂತ್ರದ ಸದ್ದು ಬರಲು ತಡವಾಯಿತು. ಆದರೆ ಬಂತು. ಅವಳ ನಂತರ ನಾನು ಹಾಕಿದೆ.

ಗೇಟಿನ ತನಕ ಏಜೆಂಟ್ ನಮ್ಮ ಹಿಂದೆಯೇ ಬಂದ. ಅಲ್ಲಿ ಮೂವರೂ ತುಳುವಿಗೆ ಮರಳಿದೆವು.

“ಬೇಜಾರು ಮಾಡ್ಬೇಡಿ ಆಂಟಿ. ಈ ಸಲ ಒಂದೊಂದು ವೋಟೂ ಮುಖ್ಯ ಅಲ್ವಾ?”

“ಮುಖ್ಯ ಹೌದು ಮಾರಾಯ,” ಎಂದಳು ಅಮ್ಮ. “ಆದ್ರೆ ನನ್ನದು ಯಾರಿಗೆ ಅಂತ ನಿಂಗೆ ಹೇಳಿದ್ದು ಯಾರು?”

ಅವನ ಮುಖ ನೋಡುವಂತಿತ್ತು. ತಡೆದದ್ದು ತನ್ನದೇ ಪಕ್ಷದ ಮತವೋ ಏನೋ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಅವನು ನನ್ನ ಕಡೆ ತಿರುಗಿದ. ನನಗೂ ಗೊತ್ತಿರಲಿಲ್ಲ. ಅಮ್ಮ ಛತ್ರಿ ಬಿಡಿಸಿ ನಡೆಯತೊಡಗಿದಳು.

ಎಣಿಕೆಯ ದಿನ ಬರುವಷ್ಟರಲ್ಲಿ ಗೇರುಬೀಜದ ಕಲೆ ಚರ್ಮದ ಜೊತೆ ಸುಲಿದುಹೋಗಿ, ಕೆಳಗಿನಿಂದ ಹೊಸ ಚರ್ಮ ಬಂದಿತ್ತು. ಶಾಯಿ ಮಾತ್ರ ಉಗುರಿನೊಂದಿಗೆ ಮೇಲೆ ಸರಿದು ಉಳಿದಿತ್ತು. ಬೆಳಿಗ್ಗೆ ಇಬ್ಬರು ಅಭ್ಯರ್ಥಿಗಳ ಮತಗಳೂ ಹೆಚ್ಚುಕಡಿಮೆ ಸಮವಾಗಿ ಏರುತ್ತಿದ್ದಾಗ ಪಕ್ಕದ ಮನೆಯವನು ನಮ್ಮ ಜಗಲಿಗೆ ಬಂದು ಕೂತ. ಇನ್ನಾದರೂ ಹೇಳಿ ಆಂಟಿ ಎಂದ. ಅಮ್ಮ ಒಳಗೆ ಹೋಗಿ ಒಂದು ಬಟ್ಟಲು ಗೇರುಬೀಜ ತಂದು ಅವನ ಮುಂದಿಟ್ಟಳು, ಟಿವಿಯ ಸದ್ದು ಸ್ವಲ್ಪ ಜೋರು ಮಾಡಿದಳು.