ಪೇತ್ರನ ಪಾರ್ಟು

ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ನಮ್ಮ ಚರ್ಚಿನ ಮಕ್ಕಳಿಗೆ ಭಾನುವಾರ ಪಾಠ ಹೇಳುತ್ತಿದ್ದ ಸಲೋಮಿ ಅಕ್ಕೋರ ಪ್ರಕಾರ ಬೈಬಲಿನ ಊರುಗಳೆಲ್ಲ ಬಸ್ಸು ಹೋಗುವಷ್ಟು ಹತ್ತಿರವಿದ್ದವು. ಬೇತ್ಲೆಹೇಮು ಮುರಗೋಡದ ಆಚೆಗಿತ್ತು. ನೋಹನ ನಾವೆ ತೇಲಿದ್ದು ಮಲಪ್ರಭೆಯ ಮಹಾಪೂರದಲ್ಲಿ. ದೈತ್ಯ ಗೊಲ್ಯಾತನ ಹಣೆ ಒಡೆದದ್ದು ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ. ಕ್ರಿಸ್‌ಮಸ್ಸಿಗೆ ನಮಗೆಲ್ಲ ಕಂಬಳಿ ಹೊದಿಸಿ ಕುರುಬರನ್ನಾಗಿ ಮಾಡಿ, "ದೇವದೂತ ಬಂದಾನ, ಆಕಳಿಸಬ್ಯಾಡ್ರೋ!" ಎಂದು ಗದರುತ್ತಿದ್ದರು. ಸುಗ್ಗಿ ಹಬ್ಬಕ್ಕೆ ಬಡ ವಿಧವೆ ರೂತಳ ಕಥೆ ಹೇಳುವಾಗ ಸೆರಗು ಸಿಕ್ಕಿಸಿಕೊಂಡು ಬೆಂಚುಗಳ ಸಂದಿಯಲ್ಲಿ ಇಲ್ಲದ ತೆನೆ ಆಯುತ್ತಿದ್ದರು. ದೇವದೂತನ ಪಾರ್ಟನ್ನೂ ನಮಗೆ ಧಾರಾಳವಾಗಿ ಕೊಡುತ್ತಿದ್ದ ಅವರು, ಶುಭ ಶುಕ್ರವಾರದ ಕಥೆಯಲ್ಲಿ ಯೇಸುವಿನ ಗುರುತೇ ಇಲ್ಲವೆಂದು ಸುಳ್ಳು ಹೇಳುವ ಶಿಷ್ಯ ಪೇತ್ರನ ಪಾರ್ಟನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಪ್ರತಿ ವರ್ಷ ತಾವೇ ಮಾಡುತ್ತಿದ್ದರು. ಒಮ್ಮೆ ನನ್ನ ತಂಗಿ ಸುಕೀರ್ತಿ ಹಟ ಹಿಡಿದಳು: "ಯಾವಾಗಲೂ ನೀವ ಯಾಕ್ರಿ?" ಅಕ್ಕೋರು ನಕ್ಕರು. "ನನಗ ರೂಢಿ ಐತೆವ್ವಾ. ನಾ ಧಾರವಾಡದಾಗ ಟ್ರೇನಿಂಗ್ ಮಾಡೂ ಮುಂದ, ನಮ್ಮವ್ವ ಹರಕ ಸೀರಿ ಉಟಗೊಂಡು, ರೊಟ್ಟಿ ಗಂಟು ಹೊತಗೊಂಡು ಹಾಸ್ಟೆಲ್ಲಿಗೆ ಬಂದ್ಲು. ಈಕಿ ಯಾರಂತ ಗೆಳತ್ಯಾರು ಕೇಳಿದ್ರು. 'ಯಾರೋ ನಮ್ಮೂರಾಕಿ' ಅಂದ್ನಿ." "ಅವ್ವ ಸಿಟ್ಟಾದ್ಲೇನ್ರಿ?" "ಇಲ್ಲವ್ವಾ, ನನ್ನ ಮಾನ ಉಳಿಸಿದ್ಲು. ಗಂಟು ನನ್ನ ಕೈಯಾಗ ಇಟ್ಟು, ಹೊರಗಿನ ದೊಡ್ಡ ಹೆಣ್ಮಕ್ಕಳಿಗೆ ಅಂದಾಂಗ, 'ರೊಟ್ಟಿ ಒಣಗೂದ್ರೊಳಗ ಉಣ್ರೀ ಬಾಯಾರ' ಅಂದು ಹೊಳ್ಳಿ ಹೋದ್ಲು."