ಶುಕ್ರವಾರದ ಬಿಸಿ ಸಾನ್ನ

ಕುವೈತಿನ ಮಹಬೂಲಾದ ಈ ಹಳೆಯ ಕಟ್ಟಡದಲ್ಲಿ ಶುಕ್ರವಾರ ನಸುಕಿಗೆ ಎಚ್ಚರವಾಗಿರುವುದು ಒಂದೇ ಅಡುಗೆಮನೆ. ಇನೆಜ್ ಬಾಯಿ ಹಬೆಪಾತ್ರೆಯ ಮುಚ್ಚಳ ತೆಗೆದು, ಒದ್ದೆ ಬೆರಳಿನಿಂದ ಸಾನ್ನ ಒತ್ತಿ ನೋಡುತ್ತಾರೆ. ಸಾನ್ನ ಎಂದರೆ ಕರಾವಳಿಯ ಕ್ರೈಸ್ತರ ಮನೆಯ ಇಡ್ಲಿ. ಇಡ್ಲಿಗಿಂತ ಮೆತ್ತಗೆ, ತುಸು ಸಿಹಿ. ಪಕ್ಕದಲ್ಲಿ ಕೋಳಿ ಸಾರು ಕುದಿಯುತ್ತಿದೆ. ಕಾರಿಡಾರಿನಲ್ಲಿ ಸ್ನಾನ ಮಾಡಿ ತಲೆ ಬಾಚಿಕೊಂಡ ಗಂಡಸರು ತಟ್ಟೆ ಹಿಡಿದು ನಿಂತಿದ್ದಾರೆ. ವಾರವಾರ ಬರುತ್ತಿದ್ದ ಭೋಜ ಮಾತ್ರ ಕಾಣುತ್ತಿಲ್ಲ.

"ಎರಡು ವಾರ ಆಯ್ತು ಅವ ಬರದೆ" ಎಂದು ಇನೆಜ್ ಬಾಯಿ ಬಾಗಿಲ ಕಡೆ ನೋಡುತ್ತಾರೆ.

ವಾರವಿಡೀ ಇನೆಜ್ ಬಾಯಿ ನಗರದ ಶರ್ಕ್ ಬಡಾವಣೆಯ ಆಫೀಸೊಂದರಲ್ಲಿ ನೆಲ ಒರೆಸಿ, ಚಹಾ ಮಾಡುತ್ತಾರೆ. ರಜೆ ಶುಕ್ರವಾರ. ಅದನ್ನೂ ಒಲೆಗೇ ಕೊಟ್ಟಿದ್ದಾರೆ. ಕುವೈತಿನಲ್ಲಿ ಮದ್ಯ ನಿಷಿದ್ಧ ಎಂಬುದು ಕಾನೂನು. ಕಾರ್ಮಿಕರ ಕೋಣೆಗಳಲ್ಲಿ ಗುರುವಾರ ರಾತ್ರಿ ನಡೆಯುವುದೇ ಬೇರೆ. ದ್ರಾಕ್ಷಿ ರಸ, ಸಕ್ಕರೆ, ಈಸ್ಟ್, ಅದೆಲ್ಲ ಹುಳಿತು ಮದ್ಯವಾಗಲು ಮಂಚದ ಅಡಿಗೊಂದು ಡ್ರಮ್. ಅದಕ್ಕೇ ಇನೆಜ್ ಬಾಯಿಯ ಕಟ್ಟಳೆ ಹೀಗಿದೆ: ಸಾನ್ನ ಬಿಸಿಯಾಗಿದ್ದಾಗಲೇ ತಿನ್ನಬೇಕು, ಸ್ನಾನ ಮಾಡಿ ಬರಬೇಕು, ಆರು ಗಂಟೆಗೆ ಒಲೆ ಬಂದ್. ರಾತ್ರಿ ಕುಡಿದವನು ಆ ಹೊತ್ತಿಗೆ ಏಳುವುದುಂಟೇ?

"ರೂಮಿಗೆ ಕಳಿಸುದಿಲ್ಲ ನಾನು. ಕಳಿಸಿದ್ರೆ ಕುಡಿದವನಿಗೆ ಮಲಗಿದಲ್ಲಿಗೇ ತಿಂಡಿ ಕೊಟ್ಟ ಹಾಗೆ. ಮತ್ತೆ ಅವ ಏಳುದ್ಯಾಕೆ ಮಾರಾಯ್ರೆ?"

ತಮಾಷೆಯೆಂದರೆ ಊರಿನಲ್ಲಿ ಸಾನ್ನದ ಹಿಟ್ಟು ಉಬ್ಬುವುದೇ ಶೇಂದಿಯಿಂದ! ಇಲ್ಲಿ ಎಲ್ಲರೂ ಈಸ್ಟ್ ಹಾಕುತ್ತಾರೆ. ಇನೆಜ್ ಬಾಯಿಯ ಮನೆಯಲ್ಲಿ ಅದೂ ಇಲ್ಲ. ತೆಂಗಿನಕಾಯಿ ನೀರಿಗೆ ಸಕ್ಕರೆ ಹಾಕಿ, ಬಾಟಲಿಯಲ್ಲಿ ಹುಳಿ ಬರಿಸಿ, ಅದನ್ನೇ ಹಿಟ್ಟಿಗೆ ಸುರಿಯುತ್ತಾರೆ. ಕಾಯಿ ಕೊಡುವವರು ಕೆಳಗಿನ ಬಕಾಲಾ, ಅಂದರೆ ದಿನಸಿ ಅಂಗಡಿಯ ಬಾವಾಕುಂಞಿ.

ಈ ಶುಕ್ರವಾರ ಅವರನ್ನು ಕಾಣಲು ಬಂದ ನಾನು ಈಸ್ಟ್ ಯಾಕಿಲ್ಲ ಎಂದು ಕೇಳಿದರೆ ಇನೆಜ್ ಬಾಯಿಯ ಸೌಟು ನಿಲ್ಲುತ್ತದೆ. ಗಂಡ ಲಿಗೋರಿ ಇದ್ದಾಗ ಈಸ್ಟ್ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿತ್ತಂತೆ. "ಮಳೆ ಇಲ್ಲದ ಊರಲ್ಲೂ ತಂಪು ಹಿಡೀತದೆ, ಹಾಳಾಯ್ತು, ಬಿಸಾಡಿದೆ ಅಂತ ಹೇಳ್ತಿದ್ರು. ನಾನು ನಂಬಿ ಹೊಸತು ತರ್ತಿದ್ದೆ." ಪಕ್ಕದ ಕೋಣೆಯ ಡ್ರಮ್ ಪೊಲೀಸರಿಗೆ ಸಿಕ್ಕಿದ ದಿನ ನಿಜ ತಿಳಿಯಿತು: ಈಸ್ಟ್ ಹೋಗುತ್ತಿದ್ದುದು ಅದಕ್ಕೇ. ಲಿಗೋರಿಯನ್ನು ಊರಿಗೆ ಕಳಿಸಿದರು. ಅಲ್ಲಿ ಕುಡಿಯಲು ಅಡ್ಡಿ ಯಾರು? ಲಿವರ್ ಹೋಯಿತು, ಜೀವವೂ ಹೋಯಿತು. "ಆ ಈಸ್ಟ್ ತಂದದ್ದು ನನ್ನ ಕೈ" ಎನ್ನುತ್ತಾರೆ.

ಅಮೆರಿಕದ ಕಥೆಯೊಂದನ್ನು ನಾನು ಅವರಿಗೆ ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಹೆಂಗಸರು ಸಾರಾಯಿ ಅಂಗಡಿಗಳ ಮುಂದೆ ಮಂಡಿಯೂರಿ ಪ್ರಾರ್ಥಿಸಿದರು. ಫ್ರಾನ್ಸೆಸ್ ವಿಲ್ಲರ್ಡ್ ಎಂಬಾಕೆಯ ಸಂಘಟನೆಯವರು ಬಿಳಿ ರಿಬ್ಬನ್ ಧರಿಸಿ ಊರೂರು ಸುತ್ತಿದರು. ಆಮೇಲೆ ಕ್ಯಾರಿ ನೇಷನ್ ಎಂಬಾಕೆ ಕೊಡಲಿಯನ್ನೇ ಎತ್ತಿಕೊಂಡು ಬಾಟಲಿಗಳನ್ನು ಪುಡಿಮಾಡಿದಳು.

ಇನೆಜ್ ಬಾಯಿಗೆ ನಗು. "ಪ್ರಾರ್ಥನೆ ಸರಿ, ನಾನೂ ಮಾಡ್ತೇನೆ. ಕೊಡಲಿ ಎಂತಕ್ಕೆ? ಒಂದು ಬಾಟ್ಲಿ ಒಡೆದ್ರೆ ಇನ್ನೊಂದು ಬರ್ತದೆ. ಹಸಿದವನಿಗೆ ಬೆಳಿಗ್ಗೆ ಏಳ್ಲಿಕ್ಕೆ ಒಂದು ಆಸೆ ಬೇಕು, ಅಷ್ಟೇ."

ಆರು ಗಂಟೆ ಹತ್ತಿರವಾಗುತ್ತಿದೆ. ಭೋಜ ಶುಐಬಾದ ಕಾರ್ಖಾನೆಯಲ್ಲಿ ಎತ್ತರದ ಅಟ್ಟಣಿಗೆ ಕಟ್ಟುವವನು. ಬಾಯಲ್ಲಿ ಇನ್ನೊಮ್ಮೆ ವಾಸನೆ ಬಂದರೆ ಖಲಾಸ್, ವಾಪಸ್ ಟಿಕೆಟ್ ಎಂದು ಫೋರ್‌ಮನ್ ಹೇಳಿಯಾಗಿದೆ. ಲಿಗೋರಿ ಹೋದ ದಾರಿಯೇ ಇದು. ಇನೆಜ್ ಬಾಯಿ ಅವನನ್ನು ಕರೆಯಲು ಹೋಗುವುದಿಲ್ಲ, ಒಲೆಯನ್ನೂ ಆರಿಸುವುದಿಲ್ಲ. ಪಾತ್ರೆಯಲ್ಲಿ ಉಳಿದಿರುವುದು ಅವರದೇ ಪಾಲಿನ ಮೂರು ಸಾನ್ನ ಮಾತ್ರ.

ಬಾಗಿಲಲ್ಲಿ ನೆರಳು. ಭೋಜ. ಕೂದಲಿಂದ ನೀರು ತೊಟ್ಟಿಕ್ಕುತ್ತಿದೆ.

"ಇಷ್ಟು ಹೊತ್ತು ಎಲ್ಲಿದ್ದೆ?"

"ಆಗಲೇ ಮಿಂದು ಕೂತಿದ್ದೆ ಬಾಯಮ್ಮ. ನಿನ್ನೆ ಮುಟ್ಲಿಲ್ಲ. ನಿಮ್ಮ ಮುಖ ನೋಡ್ಲಿಕ್ಕೆ ನಾಚಿಕೆ ಆಯ್ತು. ಮತ್ತೊಮ್ಮೆ ತಲೆಗೆ ನೀರು ಹೊಯ್ದುಕೊಂಡು ಬಂದೆ."

ಅವರು ಹತ್ತಿರ ಬಂದು ಅವನ ಮುಖ ನೋಡುತ್ತಾರೆ. ಮೂರೂ ಸಾನ್ನಗಳನ್ನು ತಟ್ಟೆಗೆ ಹಾಕಿ, ಮೇಲೆ ಸಾರು ಬಡಿಸುತ್ತಾರೆ. ಅವನು ತಲೆ ತಗ್ಗಿಸಿ ತಿನ್ನುತ್ತಾನೆ.

ಚರ್ಚಿಗೆ ಹೊರಡುವ ಹೊತ್ತು. ಒಲೆ ಆರಿಸಿ, ಒಂದು ಲೋಟ ಕಪ್ಪು ಚಹಾ ಹಿಡಿದು ಕೂತ ಬಾಯಿಯನ್ನು, ನಿಮಗೆ ಇನ್ನೇನು ಆಸೆ ಎಂದು ಕೇಳುತ್ತೇನೆ.

ಖಾಲಿ ಪಾತ್ರೆಯನ್ನು ನನ್ನ ಕಡೆ ವಾಲಿಸುತ್ತಾರೆ. "ಪ್ರತಿ ಶುಕ್ರವಾರ ನನಗೆ ಹೀಗೇ ಒಂದೂ ಉಳೀಬಾರದು."